ಲೋಲಾಕ್ಷಿಯ ಕ್ರಮ

ಬಾಣಂತನ ಎಂದರೆ ಬಾಣಂತಿಗೆ ಆರೈಕೆ ಎಂದು ಹೇಳಿದವರು ಒಂದು ದಿನವೂ ಬಾಣಂತನ ಮಾಡಿದವರಲ್ಲ. ಅದು ಮಾಡುವವಳ ಸೊಂಟ ಮುರಿಯುವ ಕೆಲಸ. ಲೋಲಾಕ್ಷಿಗೆ ಅರವತ್ತು ದಾಟಿತ್ತು, ಮೊಣಕಾಲು ಹಿಡಿಯುತ್ತಿತ್ತು, ಠಾಣೆ ನಗರದ ಕೋಪರಿಯ ಆ ಹಳೇ ಬಿಲ್ಡಿಂಗಿಗೆ ಲಿಫ್ಟ್ ಇರಲಿಲ್ಲ, ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದಿಷ್ಟು ಹೊತ್ತು. ಇಷ್ಟೆಲ್ಲದರ ಮೇಲೆ ಸೊಸೆ ರಮಿತಾ ಮೆಂತೆ ಗಂಜಿಯ ಬಟ್ಟಲನ್ನು ಎದುರಿಗಿಟ್ಟುಕೊಂಡು, ಅದು ತಣ್ಣಗಾಗಿ ಕೆನೆಗಟ್ಟುವ ತನಕ ನೋಡುತ್ತ ಕೂರುತ್ತಿದ್ದಳು.

"ತಿನ್ನು ಮಾರಾಯ್ತಿ. ಅದೇನು ಪಿಕ್ಚರಾ, ನೋಡಿಕೊಂಡು ಕೂರ್ಲಿಕ್ಕೆ?"

"ಹಸಿವಿಲ್ಲ ಮಾಮಿ."

ತುಳುವರ ಮನೆಯಲ್ಲಿ ಅತ್ತೆ ಎಂದರೆ ಮಾಮಿ. ಈ 'ಹಸಿವಿಲ್ಲ ಮಾಮಿ' ಕೇಳಿ ಕೇಳಿ ಲೋಲಾಕ್ಷಿಗೆ ತಲೆ ಚಿಟ್ಟು ಹಿಡಿದಿತ್ತು. ಬೆಳಿಗ್ಗೆ ಎದ್ದು ತೆಂಗಿನಕಾಯಿ ಹೆರೆದು, ಹಾಲು ಹಿಂಡಿ, ಮೆಂತೆ ಬೇಯಿಸುವುದು ತಾನು. ಹಸಿವಿಲ್ಲ ಅನ್ನುವುದು ಇವಳು. ಮಗು ಅತ್ತರೆ ಎತ್ತಿಕೊಳ್ಳುವುದಿಲ್ಲ, ಎತ್ತಿಕೊಟ್ಟರೆ ಗಾಜಿನ ಸಾಮಾನಿನ ಹಾಗೆ ಹಿಡಿಯುತ್ತಾಳೆ. ಮಗು ಮಲಗಿದಾಗ ಮಲಗು ಎಂದರೆ ಮೇಲಿನ ಮಾಡು ನೋಡುತ್ತ ಬಿದ್ದುಕೊಳ್ಳುತ್ತಾಳೆ. ಕಣ್ಣಲ್ಲಿ ನೀರು ಸುರಿಯುತ್ತಲೇ ಇರುತ್ತದೆ, ಕೇಳಿದರೆ ಏನೂ ಇಲ್ಲ.

ಕ್ರಮ ಪ್ರಕಾರ ಇದೆಲ್ಲ ತವರಿನವರ ತಲೆಬಿಸಿ. ಆದರೆ ರಮಿತಾಳಿಗೆ ತಾಯಿ ಇಲ್ಲ. ಡೊಂಬಿವಿಲಿಯಲ್ಲಿ ಇರುವ ಅಣ್ಣ ಜಯೇಶ್, "ನಮ್ಮದು ಒಂದೇ ರೂಮು ಮಾಮಿ, ನೀರಿಗೆ ಟ್ಯಾಂಕರ್ ಕಾಯಬೇಕು" ಎಂದು ಫೋನಿನಲ್ಲೇ ಕೈ ತೊಳೆದುಕೊಂಡ. ಗಂಡ ವಿಕಾಸ್, ಅಂದರೆ ಲೋಲಾಕ್ಷಿಯ ಒಬ್ಬನೇ ಮಗ, ಘಣಸೋಲಿಯಲ್ಲಿ ಬಾಡಿಗೆ ಫ್ಲ್ಯಾಟ್ ಮಾಡಿಕೊಂಡು ಅಲ್ಲೇ ಒಂದು ಪಾರ್ಸೆಲ್ ಕಂಪನಿಯಲ್ಲಿ ಸೂಪರ್‌ವೈಸರ್. ಹಾಗಾಗಿ ಆಸ್ಪತ್ರೆಯಿಂದ ತಾಯಿ ಮಗು ಇಬ್ಬರೂ ನೇರ ಕೋಪರಿಗೆ ಬಂದರು. ಲೋಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ವಿಕಾಸ್ ಮಾತ್ರ ಚಿನ್ನದಂಥ ಗಂಡ ಎಂದು ಅವಳ ಅಭಿಪ್ರಾಯ. ದಿನಕ್ಕೆ ಎಷ್ಟು ಸಲ ವಿಡಿಯೋ ಕಾಲ್! ರಮಿತಾ ಎತ್ತದಿದ್ದರೆ ತಾಯಿಯ ಫೋನಿಗೆ ಮಾಡುತ್ತಿದ್ದ.

"ಮಮ್ಮಿ, ಅವಳು ಎಲ್ಲಿ? ಮುಖ ತೋರಿಸು. ಯಾರಾದ್ರೂ ಬಂದಿದ್ರಾ? ಯಾರ ಹತ್ರ ಬಾತ್ ಮಾಡ್ತಿದ್ಲು?"

ಲೋಲಾಕ್ಷಿ ನಗುತ್ತ ಫೋನನ್ನು ಅವಲಕ್ಕಿ ಡಬ್ಬಕ್ಕೆ ಆನಿಸಿ ಸೊಸೆಯ ಮುಂದೆ ಇಡುತ್ತಿದ್ದಳು. "ಇಷ್ಟು ಪ್ರೀತಿ ಮಾಡುವ ಗಂಡ ಯಾರಿಗೆ ಸಿಗ್ತಾನೆ? ನಿನ್ನ ಮಾವ ನಾನು ಹೆತ್ತಾಗ ಹೋಟೆಲಿನಿಂದ ಒಂದು ಇಡ್ಲಿ ಪಾರ್ಸೆಲ್ ಕೂಡ ತರಲಿಲ್ಲ." ರಮಿತಾ ಫೋನಿಗೆ ಮುಖ ತೋರಿಸುತ್ತಿದ್ದಳು, ಶಾಲೆಯಲ್ಲಿ ಹಾಜರಿ ಕೊಟ್ಟ ಹಾಗೆ. ಅದನ್ನೂ ಲೋಲಾಕ್ಷಿ ನಾಚಿಕೆ ಎಂದೇ ಲೆಕ್ಕ ಹಾಕಿದಳು.

ಊರಿನಿಂದ ಅಪ್ಪಿ ದೊಡ್ಡಮ್ಮನ ಫೋನೂ ಬರುತ್ತಿತ್ತು. ಮೂಲ್ಕಿ ಹತ್ತಿರದ ಮನೆಯ ಜಗಲಿಯಲ್ಲಿ ಕೂತೇ ಇಡೀ ಕುಟುಂಬವನ್ನು ಆಳುವ ಮುದುಕಿ ಅದು. ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಹೊಸದು. ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದ ಊಟಕ್ಕೆ ಮೊದಲು ಮೀರಾ ರೋಡಿನ ನೆಂಟರವರೆಗೂ ತಲುಪಿರುತ್ತಿತ್ತು.

"ನೀರು ಚೆನ್ನಾಗಿ ಹೊಯ್ಯುತ್ತೀಯಾ? ಸೊಂಟಕ್ಕೆ ಬಡಿದು ಹೊಯ್ಯಬೇಕು. ಗಟ್ಟಿ ನೀರು ಬಿದ್ದರೆ ಈ ಅಳು ಗಿಳು ಎಲ್ಲ ಹೋಗ್ತದೆ."

ಲೋಲಾಕ್ಷಿ ಬಡಿದೇ ಹೊಯ್ಯುತ್ತಿದ್ದಳು. ಮೈಗೆಲ್ಲ ಎಣ್ಣೆ ತಿಕ್ಕಿ, ಪುಟ್ಟ ಮಣೆಯ ಮೇಲೆ ಕೂರಿಸಿ, ಹಬೆಯಾಡುವ ಬಕೆಟಿನಿಂದ ಚೆಂಬು ತುಂಬಿ ಕೈಯೆತ್ತಿದ್ದೇ ತಡ, ರಮಿತಾ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಮುದುಡುತ್ತಿದ್ದಳು. ಪ್ರತಿ ದಿನ, ಪ್ರತಿ ಚೆಂಬಿಗೆ.

"ನೀರು ಮಾರಾಯ್ತಿ ನೀರು! ಕಲ್ಲು ಹೊತ್ತು ಹಾಕ್ತೇನಾ ನಾನು? ಕೈ ತೆಗಿ!"

ಕೈ ತೆಗೆಯುವಳು. ಮತ್ತೆ ಚೆಂಬು ಎತ್ತಿದರೆ ಮತ್ತೆ ಅದೇ. ಲೋಲಾಕ್ಷಿ ಬೈದು ಬೈದು ಸೋತು, ಒಂದು ಕೈಯಲ್ಲಿ ಅವಳ ತೋಳು ಹಿಡಿದು ಇನ್ನೊಂದರಲ್ಲಿ ನೀರು ಹೊಯ್ಯುವುದನ್ನು ರೂಢಿ ಮಾಡಿಕೊಂಡಳು.

ಒಂದು ಭಾನುವಾರ ವಿಕಾಸ್ ಬಂದ. ಮಗ ಬರುತ್ತಾನೆಂದು ಲೋಲಾಕ್ಷಿ ಕೋರಿ ರೊಟ್ಟಿ ಮಾಡಿದ್ದಳು. ಅವಳ ಗಂಡ ಲೀಲಾಧರ, ನೌಪಾಡಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಅಂದು ರಜೆ. ಎಲ್ಲರೂ ನೆಲದಲ್ಲಿ ಕೂತು ಊಟ ಮಾಡುತ್ತಿದ್ದರು. ವಿಕಾಸ್ ಕೈ ತೊಳೆದು ಬಂದವನು ಗೋಡೆಯ ಗೂಟಕ್ಕೆ ನೇತುಹಾಕಿದ್ದ ಟವೆಲ್ ತೆಗೆಯಲು ಕೈಯೆತ್ತಿದ. ಗೂಟದ ಕೆಳಗೆ ರಮಿತಾ ಕೂತಿದ್ದಳು.

ರೊಟ್ಟಿಯ ಚೂರು ಅತ್ತ ಬಿತ್ತು, ಅವಳ ಎರಡೂ ತೋಳು ತಲೆಯ ಮೇಲೆ ಹೋದವು. ಬಚ್ಚಲಿನಲ್ಲಿ ಹೋಗುವ ಹಾಗೆಯೇ, ಅದೇ ತೋಳು, ಅದೇ ಮುದುಡು.

ವಿಕಾಸ್ ನಕ್ಕ. "ಡ್ರಾಮಾ ಶುರು. ದೇಖೋ ಪಪ್ಪಾ."

ಲೀಲಾಧರರು ತಟ್ಟೆಯಿಂದ ತಲೆ ಎತ್ತಲಿಲ್ಲ. ಲೋಲಾಕ್ಷಿಯ ಕೈಯಲ್ಲಿದ್ದ ಸೌಟಿನಿಂದ ಕೋಳಿ ಗಸಿ ನೆಲಕ್ಕೆ ತೊಟ್ಟಿಕ್ಕಿತು. ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲ ಗೊತ್ತಾಯಿತು, ಗೊತ್ತಾಗಬಾರದಿತ್ತು ಎನ್ನಿಸುವಷ್ಟು ಗೊತ್ತಾಯಿತು. ಆ ವಿಡಿಯೋ ಕಾಲುಗಳು, ಆ 'ಮುಖ ತೋರಿಸು'. ದೇವರೇ, ಅವನಿಗೆ ಫೋನು ಹಿಡಿದು ಕೊಟ್ಟದ್ದು ತಾನೇ.

ಮರುದಿನ ಬಚ್ಚಲಿನಲ್ಲಿ ಅವಳು ಚೆಂಬು ಎತ್ತಲಿಲ್ಲ. ಬಕೆಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮೊಣಕಾಲು ಬೊಬ್ಬೆ ಹಾಕಿತು, ಹಾಕಲಿ.

"ಯಾವಾಗಿನಿಂದ?"

ರಮಿತಾ ನೆಲ ನೋಡಿದಳು.

"ನಾನು ಕೇಳಿದ್ದು ನಿನ್ನನ್ನು. ಈ ಬಕೆಟನ್ನಲ್ಲ."

"ನಾಲ್ಕು ತಿಂಗಳಾಗಿದ್ದಾಗ ಶುರು."

"ಬಸುರಿಗೆ? ಬಸುರಿಗೆ ಹೊಡೆದನಾ ಅವನು?"

"ಹೊಟ್ಟೆಗೆ ಹೊಡೆದಿಲ್ಲ ಮಾಮಿ," ಎಂದಳು ರಮಿತಾ ಅವಸರದಿಂದ, ಗಂಡನ ಪರ ಸಾಕ್ಷಿ ಹೇಳುವವಳ ಹಾಗೆ. "ತಲೆಗೆ ಮಾತ್ರ."

ಲೋಲಾಕ್ಷಿ ತನ್ನ ಹೊಟ್ಟೆಯಲ್ಲೇ ಹೊತ್ತ ಮಗ ಅವನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದನ್ನು ಅವಳು ಇಷ್ಟು ದಿನ ಬೇರೆಯವರ ಮಕ್ಕಳಿಗೆ ಅನ್ವಯಿಸಿ ನಗಾಡುತ್ತಿದ್ದಳು.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅವರ ಅಮ್ಮ ಅಲ್ವಾ?"

ಲೋಲಾಕ್ಷಿ ಚೆಂಬು ಬಿಟ್ಟು, ಕೈಯಲ್ಲೇ ನೀರು ಮೊಗೆದು ಅವಳ ಬೆನ್ನು ತೋಯಿಸಿದಳು.

ಸಂಜೆ ಲೀಲಾಧರರು ಬಂದು ಚಹಾ ಕೈಗೆತ್ತಿಕೊಳ್ಳುವುದಕ್ಕೂ ಬಿಡದೆ ಹೇಳಿದಳು. ಅವರು ಬಾಗಿಲ ಕಡೆ ನೋಡಿದರು, ಪಕ್ಕದ ಮನೆಯವರಿಗೆ ಕೇಳಿತೋ ಎಂದು.

"ಮೆಲ್ಲ ಮಾತಾಡು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ."

"ಉಂಡು ಮಲಗುವ ತನಕ ಅಂತೆ! ಅವಳು ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ. ಅವಳಿಗೆ ಮುಗಿಯುವುದು ಯಾವಾಗ ಮಾರಾಯ್ರೆ?"

"ಒಂದೆರಡು ಏಟು ಯಾರ ಮನೆಯಲ್ಲಿ ಬೀಳುವುದಿಲ್ಲ?"

"ನಮ್ಮ ಮನೆಯಲ್ಲಿ ಬೀಳಲಿಲ್ಲ. ಇಷ್ಟು ವರ್ಷದಲ್ಲಿ ನೀವು ಹೊಡೆದದ್ದು ಸೊಳ್ಳೆಗೆ ಮಾತ್ರ. ಇವನು ಎಲ್ಲಿಂದ ಕಲಿತ?"

"ನಮ್ಮ ತುಳುವರ ಸಂಘದಲ್ಲಿ ನಾಲ್ಕು ಜನರಿಗೆ ಗೊತ್ತಾದರೆ ನನ್ನ ಮುಖ ಎಲ್ಲಿಡುವುದು? ಮುಂದಿನ ತಿಂಗಳು ಮಹಾಸಭೆ ಉಂಟು. ಜನ ಏನು ಹೇಳಿಯಾರು?"

ಜನ, ಜನ, ಜನ. ಲೀಲಾಧರರಿಗೆ ಹೆಂಡತಿಗಿಂತ, ಮಗನಿಗಿಂತ, ಸಕ್ಕರೆ ಕಾಯಿಲೆಗಿಂತ ಹೆದರಿಕೆ ಈ ಜನರದ್ದು. ಲೋಲಾಕ್ಷಿ ಚಹಾದ ಲೋಟ ಕುಕ್ಕಿ ಒಳಗೆ ಹೋದಳು.

ಅವಳು ಮಗನನ್ನೇ ನೇರ ಕೇಳಿದಳು, ಫೋನಿನಲ್ಲಿ. ಅದು ಅವಳು ಮಾಡಿದ ಇನ್ನೊಂದು ಪೆದ್ದುತನ. "ಏಕ್ ಬಾರ್ ಆದದ್ದು ಮಮ್ಮಿ, ಟೆನ್ಶನ್ ಇತ್ತು. ನೀನು ಮಧ್ಯೆ ಬರಬೇಡ," ಎಂದು ಇಟ್ಟವನು ಮರುಕ್ಷಣ ರಮಿತಾಳ ಫೋನಿಗೆ ಮಾಡಿದ. ಲೋಲಾಕ್ಷಿ ಅಡಿಗೆಮನೆಯಿಂದ ಓಡಿ ಬರುವಷ್ಟರಲ್ಲಿ, "ಘರ್ ಆ, ಆಮೇಲೆ ನೋಡ್ಕೊಳ್ತೇನೆ," ಎಂಬುದು ಮಾತ್ರ ಕೇಳಿಸಿತು. ರಮಿತಾಳ ಮುಖದಲ್ಲಿ ರಕ್ತ ಇರಲಿಲ್ಲ. ಮಗು ಮಡಿಲಿನಿಂದ ಜಾರುತ್ತಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಲೋಲಾಕ್ಷಿ ಮಗುವನ್ನು ಹಿಡಿದುಕೊಂಡಳು.

"ಇದನ್ನು ಯಾರಿಗಾದರೂ ಕೊಟ್ಟುಬಿಡಿ ಮಾಮಿ," ಎಂದಳು ರಮಿತಾ. "ನನ್ನ ಕೈಯಲ್ಲಿ ಇದು ಉಳಿಯುವುದಿಲ್ಲ."

ಆಗ ಲೋಲಾಕ್ಷಿಗೆ ನಿಜವಾಗಿ ಹೆದರಿಕೆಯಾಯಿತು. ಇವಳನ್ನು ಘಣಸೋಲಿಗೆ ಕಳಿಸಿದರೆ, ಬಾಗಿಲು ಹಾಕಿದ ಆ ಫ್ಲ್ಯಾಟಿನಲ್ಲಿ ಇವಳೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಇಷ್ಟು ಸ್ಪಷ್ಟ.

ಲಸಿಕೆ ಹಾಕಿಸಲು ನೌಪಾಡಾದ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಆ ಹೆಂಗಸು ಮಗುವಿಗಿಂತ ತಾಯಿಯನ್ನೇ ಹೆಚ್ಚು ನೋಡಿದರು. ಲೋಲಾಕ್ಷಿಯನ್ನು ಹೊರಗೆ ಕೂರಿಸಿ ರಮಿತಾಳ ಹತ್ತಿರ ಮಾತಾಡಿದರು. ಆಮೇಲೆ ಅತ್ತೆಯನ್ನು ಕರೆದು, ಅದೇ ರಸ್ತೆಯಲ್ಲಿರುವ ಮನೋರೋಗದ ಡಾಕ್ಟರ ಹೆಸರು ಹೇಳಿದರು.

"ಅಯ್ಯೋ, ಅವಳಿಗೆ ಹುಚ್ಚು ಗಿಚ್ಚು ಏನೂ ಇಲ್ಲ ಡಾಕ್ಟರ್," ಎಂದಳು ಲೋಲಾಕ್ಷಿ ಹಿಂದಿಯಲ್ಲಿ.

"ಹುಚ್ಚಲ್ಲ. ಹೆತ್ತ ಮೇಲೆ ಎಷ್ಟೋ ಹೆಂಗಸರಿಗೆ ಬರುವ ಕಾಯಿಲೆ. ಔಷಧ ಇದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದದ್ದು. ಈಗ ಅವರನ್ನು ಒಂಟಿಯಾಗಿ ಬಿಡಬೇಡಿ. ಮತ್ತೆ, ಮನೆಯಲ್ಲಿ ಹೆದರಿಕೆ ಇರುವಷ್ಟು ದಿನ ಬರೀ ಗುಳಿಗೆಯಿಂದ ಆಗುವುದಿಲ್ಲ ಆಂಟಿ. ನಿಮಗೆ ಗೊತ್ತಿದೆ ಅನ್ನಿಸುತ್ತದೆ ನನಗೆ."

ಲೋಲಾಕ್ಷಿ ತಲೆಯಾಡಿಸಿದಳು. ಛತ್ರಿ ಬಿಡಿಸಿ, ಸೊಸೆಯನ್ನು ಮಗುವನ್ನು ಅದರಡಿ ತೂರಿಸಿಕೊಂಡು, ಆ ಇನ್ನೊಬ್ಬ ಡಾಕ್ಟರ ಮೆಟ್ಟಿಲು ಅವತ್ತೇ ಹತ್ತಿದಳು. ಗುಳಿಗೆ ಬಂತು. ಅದನ್ನು ಅವಳು ಬಾಣಂತಿ ಲೇಹದ ಡಬ್ಬದ ಪಕ್ಕದಲ್ಲೇ ಇಟ್ಟಳು. ಎರಡನ್ನೂ ಬಿಡದೆ ಕೊಟ್ಟಳು. ಯಾವುದು ಹಿಡಿಯುತ್ತದೋ ಹಿಡಿಯಲಿ.

ಬಾಣಂತನದ ನಲವತ್ತು ದಿನ ಕಳೆಯಿತು. ವಿಕಾಸ್ ಫೋನ್ ಮಾಡಿದ, ಕರೆದುಕೊಂಡು ಹೋಗಲು ಬರುತ್ತೇನೆ ಎಂದು.

"ಈಗ ಆಟಿ," ಎಂದಳು ಲೋಲಾಕ್ಷಿ; ಅದು ತುಳುವರ ಆಷಾಢ. "ಆಟಿ ತಿಂಗಳಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಕ್ರಮ ಇಲ್ಲ."

"ಮಮ್ಮಿ, ಅವಳು ಇರೋದೇ ಗಂಡನ ಮನೆಯಲ್ಲಿ! ಅದು ನನ್ನದೇ ಘರ್ ಅಲ್ವಾ?"

"ಬಾಣಂತನ ಮಾಡಿದ ಮನೆಯೇ ತವರು. ಈಗ ಲೆಕ್ಕಕ್ಕೆ ನಾನು ಅವಳ ತಾಯಿ, ನೀನು ಈ ಮನೆಯ ಅಳಿಯ."

"ಯೇ ಕೌನ್ಸಾ ರೂಲ್ ಹೈ?"

"ತುಳುವಿನಲ್ಲಿ ಕೇಳಿದರೆ ಹೇಳ್ತೇನೆ. ನಿನಗೆ ತುಳು ಬರುವುದಿಲ್ಲವಲ್ಲ."

ಠಾಣೆಯಲ್ಲಿ ಹುಟ್ಟಿ ಬೆಳೆದವನಿಗೆ ಕ್ರಮ ಎಲ್ಲಿಂದ ಗೊತ್ತಿರಬೇಕು? ಅವಳು ಅಳಿಯನಿಗೆ ಮಾಡುವ ಮರ್ಯಾದೆಯನ್ನೂ ಮಾಡಿದಳು. ಮುಂದಿನ ಭಾನುವಾರ ಬಂದಾಗ ಅವನನ್ನು ಹೊರಗಿನ ಹಾಲ್‌ನಲ್ಲೇ ಕುರ್ಚಿಯ ಮೇಲೆ ಕೂರಿಸಿ, ಚಹಾ ಚಕ್ಕುಲಿ ಕೊಟ್ಟು, ಮಗುವನ್ನು ಹೊರಗೆ ತಂದು ತೋರಿಸಿ ಒಳಗೆ ಒಯ್ದಳು. ಕೋಣೆಯ ಹೊಸ್ತಿಲು ದಾಟಿಸಲಿಲ್ಲ. ಅವನು ಹಲ್ಲು ಕಡಿಯುತ್ತ ಚಕ್ಕುಲಿ ಕಡಿದ. ರಮಿತಾಳ ಫೋನು ಅಕ್ಕಿ ಡಬ್ಬದಲ್ಲಿತ್ತು. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆ ಎನ್ನುವುದು ಇನ್ನೊಂದು ಕ್ರಮ.

ಈ ನಡುವೆ ರಮಿತಾ ಅರ್ಧ ಬಟ್ಟಲು ಗಂಜಿಗೆ ಬಂದಳು. ಒಂದು ಮಧ್ಯಾಹ್ನ ಮಗುವಿನ ಪಕ್ಕದಲ್ಲಿ ಗೊರಕೆ ಹೊಡೆದಳು. ಆ ಗೊರಕೆ ಕೇಳಲಿಕ್ಕೆಂದೇ ಲೋಲಾಕ್ಷಿ ಮಿಕ್ಸಿ ಹಾಕದೆ ಕೈಯಲ್ಲೇ ಚಟ್ನಿ ಅರೆದಳು. ಬಚ್ಚಲಿನಲ್ಲಿ ತೋಳುಗಳು ಮಾತ್ರ ಇನ್ನೂ ತಲೆಗೆ ಹೋಗುತ್ತಿದ್ದವು. ಲೋಲಾಕ್ಷಿ ಈಗ ಬೈಯುತ್ತಿರಲಿಲ್ಲ. ಕೈ ಇಳಿಯುವ ತನಕ ಚೆಂಬು ಹಿಡಿದು ಕಾಯುತ್ತಿದ್ದಳು.

ಆಟಿಯೂ ಕಳೆಯಿತು. ಆಟಿ ಕಳೆದ ಮೊದಲ ಭಾನುವಾರವೇ ವಿಕಾಸ್ ಟ್ಯಾಕ್ಸಿ ಮಾಡಿಕೊಂಡು ಬಂದು, ಅದನ್ನು ಕೆಳಗೆ ನಿಲ್ಲಿಸಿ, ಮೇಲೆ ಬಂದ.

"ಚಲೋ. ಬ್ಯಾಗ್ ತುಂಬಿಸಿ."

"ಹೆಣ್ಣು ಮಗುವಾದರೆ ಐದು ತಿಂಗಳ ತನಕ ಹೊಸ್ತಿಲು ದಾಟಬಾರದು," ಎಂದಳು ಲೋಲಾಕ್ಷಿ ಕಣ್ಣು ಮಿಟುಕಿಸದೆ.

ಈ ಸಲ ಲೀಲಾಧರರಿಗೂ ಅತಿಯಾಯಿತು. "ಲೋಲಾಕ್ಷಿ, ನಾನು ಕೂಡ ಆ ಊರಿನಲ್ಲೇ ಹುಟ್ಟಿದವನು. ಇಂಥ ಕ್ರಮ ನಾನು ಕೇಳಿಲ್ಲ."

"ಗಂಡಸರಿಗೆ ಬಾಣಂತನ ಎಂತ ಗೊತ್ತುಂಟು?"

"ಗೊತ್ತಿದ್ದವರನ್ನೇ ಕೇಳುವ." ಅವರು ಫೋನ್ ತೆಗೆದು ಅಪ್ಪಿ ದೊಡ್ಡಮ್ಮನಿಗೆ ಮಾಡಿ, ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟರು. ವಿಕಾಸ್ ಕಾಲ ಮೇಲೆ ಕಾಲು ಹಾಕಿದ. ಕೋಣೆಯ ಬಾಗಿಲ ಸಂದಿಯಲ್ಲಿ ರಮಿತಾ, ಎದೆಗೆ ಮಗು.

ಲೀಲಾಧರರು ಕೇಳಿದರು. ಆ ಕಡೆಯಿಂದ ಅಪ್ಪಿ ದೊಡ್ಡಮ್ಮನ ಧ್ವನಿ ಹಾಲ್ ತುಂಬ ಮೊಳಗಿತು. "ಐದು ತಿಂಗಳಾ? ಯಾರು ಹೇಳಿದ್ದು? ನನ್ನ ಇಷ್ಟು ವರ್ಷದಲ್ಲಿ ಅಂಥ ಕ್ರಮ ಇಲ್ಲ! ಲೋಲಾಕ್ಷಿಗೆ ಮರ್ಲು ಹಿಡಿದಿದೆಯಾ?"

ಮರ್ಲು ಎಂದರೆ ಹುಚ್ಚು. ವಿಕಾಸನಿಗೆ ಆ ಒಂದು ತುಳು ಶಬ್ದ ಗೊತ್ತಿತ್ತು. "ದೇಖಾ? ಇಬ್ಬರೂ ಪಾಗಲ್. ಒಬ್ಬಳು ಗುಳಿಗೆ ತಿಂತಾಳೆ, ಒಬ್ಬಳು ತಿನ್ನಬೇಕು." ಎದ್ದು ಕೋಣೆಯ ಕಡೆ ಹೊರಟ.

ಲೋಲಾಕ್ಷಿ ಅವನ ಎದುರು ನಿಲ್ಲಲಿಲ್ಲ. ನೇರ ಟೀಪಾಯಿಯ ಹತ್ತಿರ ಹೋಗಿ ಫೋನಿಗೆ ಬಾಯಿ ಕೊಟ್ಟಳು.

"ಹೌದು ದೊಡ್ಡಮ್ಮ, ಅಂಥ ಕ್ರಮ ಇಲ್ಲ. ನಾನೇ ಮಾಡಿದ್ದು. ನನ್ನ ಮಗ ಹೆಂಡತಿಗೆ ಹೊಡೀತಾನೆ. ಬಸುರಿ ಇರುವಾಗ ಹೊಡೆದಿದ್ದಾನೆ. ತಲೆಗೆ. ಅವಳು ಊಟ ನಿದ್ರೆ ಬಿಟ್ಟಿದ್ದು ಅದಕ್ಕೆ, ಗುಳಿಗೆ ತಿನ್ನುವುದು ಅದಕ್ಕೆ. ಕೇಳಿತಾ?"

"ಲೋಲಾಕ್ಷಿ!" ಲೀಲಾಧರರು ಫೋನಿಗೆ ಹಾರಿದರು. ಅವಳು ಎತ್ತಿಕೊಂಡು ಹಿಂದೆ ಸರಿದಳು.

"ಕೇಳಿತಾ ದೊಡ್ಡಮ್ಮ?"

ಅಪ್ಪಿ ದೊಡ್ಡಮ್ಮ ಜನ್ಮದಲ್ಲಿ ಮೊದಲ ಸಲ ಧ್ವನಿ ತಗ್ಗಿಸಿದಳು. "ವಿಕಾಸನಾ?"

"ವಿಕಾಸನೇ. ನನಗೆ ಇನ್ನೊಬ್ಬ ಮಗ ಎಲ್ಲಿದ್ದಾನೆ?"

"ಫೋನ್ ಅವನಿಗೆ ಕೊಡು."

ಲೋಲಾಕ್ಷಿ ಫೋನನ್ನು ಮಗನ ಮುಂದೆ ಹಿಡಿದಳು, ಹಿಂದೆ ಸೊಸೆಯ ಮುಂದೆ ಹಿಡಿಯುತ್ತಿದ್ದ ಹಾಗೆಯೇ. "ತಗೋ. ಮುಖ ತೋರಿಸು."

ಅವನು ತೆಗೆದುಕೊಳ್ಳಲಿಲ್ಲ. ಕೋಣೆಯ ಬಾಗಿಲಿಗೂ ಹೋಗಲಿಲ್ಲ. "ಮಗು ನನ್ನದು," ಎಂದ, ಧ್ವನಿ ಏರಿಸಿ. "ಕೋರ್ಟಿಗೆ ಹೋಗ್ತೇನೆ."

"ಹೋಗು. ಪೊಲೀಸ್ ಸ್ಟೇಷನ್ನಿಗೆ ಅವಳನ್ನು ನಾನು ಕರೆದುಕೊಂಡು ಹೋಗ್ತೇನೆ. ಹೆತ್ತ ತಾಯಿ ಸಾಕ್ಷಿ ಹೇಳಿದರೆ ಹೇಗಿರ್ತದೆ ಎಂದು ನೋಡುವ."

"ಮೈಂ ತೇರಾ ಬೇಟಾ ಹೂಂ ಮಮ್ಮಿ!"

ಅದನ್ನು ಕೇಳಿ ಲೋಲಾಕ್ಷಿಗೆ ಅಳು ಬಂತು. ತಡೆಯಲಿಲ್ಲ, ಅಳುತ್ತಲೇ ಹೇಳಿದಳು. "ಅದೇ ಸಂಕಟ ಮಗಾ. ಬೇರೆಯವರ ಮಗನಾಗಿದ್ದರೆ ಯಾವಾಗಲೋ ಹೇಳಿಬಿಡ್ತಿದ್ದೆ. ಹೋಗು ಈಗ. ಡಾಕ್ಟರು ನಿನ್ನನ್ನೂ ಬರಲಿಕ್ಕೆ ಹೇಳಿದ್ದಾರೆ, ಬೇಕಿದ್ದರೆ ಅಲ್ಲಿಗೆ ಬಾ. ಈ ಹೊಸ್ತಿಲಿಗೆ ಅವಳು ಕರೆದಾಗ ಬಾ."

ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ವಿಕಾಸ್ ಬಾಗಿಲು ಬಡಿದು ಇಳಿದು ಹೋದ. ಮಾಡಿಟ್ಟ ನೀರುದೋಸೆ ಹಾಗೆಯೇ ಉಳಿಯಿತು.

ಲೀಲಾಧರರು ಮೂರು ದಿನ ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಮಾತಾಡಲು ಅವರಿಗೆ ಪುರುಸೊತ್ತೂ ಇರಲಿಲ್ಲ, ಫೋನಿನ ಮೇಲೆ ಫೋನು. ಮೀರಾ ರೋಡಿನ ಭಾವ, ಡೊಂಬಿವಿಲಿಯಿಂದ ಜಯೇಶ್, ಸಂಘದ ಕಾರ್ಯದರ್ಶಿ ಭುಜಂಗಣ್ಣ, ಅವರ ಹೆಂಡತಿ. ಅಪ್ಪಿ ದೊಡ್ಡಮ್ಮ ತನ್ನ ಕೆಲಸ ಚೊಕ್ಕವಾಗಿ ಮಾಡಿದ್ದಳು. ನಾಲ್ಕನೇ ದಿನ ಅವರು ಊಟಕ್ಕೆ ಕೂತು ಬಾಯಿ ಬಿಟ್ಟರು.

"ತೆಗೆದೆಯಲ್ಲ ನನ್ನ ಮಾನ. ಊರಿಡೀ ಗೊತ್ತಾಯಿತು."

"ಗೊತ್ತಾಗಲಿ ಎಂದೇ ಹೇಳಿದ್ದು."

"ಇನ್ನು ಇವಳನ್ನು ಅಲ್ಲಿಗೆ ಕಳಿಸಿದೆವು ಎಂದರೆ ಜನ ನಮ್ಮ ಮುಖಕ್ಕೆ ಉಗಿಯುತ್ತಾರೆ."

"ಹಾಗಾದರೆ ಕಳಿಸುವ ಹಾಗಿಲ್ಲ," ಎಂದು ಲೋಲಾಕ್ಷಿ ಅವರ ತಟ್ಟೆಗೆ ಸಾರು ಬಡಿಸಿದಳು.

ಅವರು ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ಏನೋ ಗೊಣಗಿ, ಉಪ್ಪು ಕಡಿಮೆ ಎಂದರು. ಉಪ್ಪು ಸರಿ ಇತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಎಣ್ಣೆ, ಮಣೆ, ಬಕೆಟು. ಲೋಲಾಕ್ಷಿ ಚೆಂಬು ಎತ್ತಿದಳು. ರಮಿತಾಳ ಕೈಗಳು ಎದ್ದವು, ಭುಜದ ತನಕ ಬಂದು ಅಲ್ಲಿ ನಿಂತವು. ಲೋಲಾಕ್ಷಿ ಕಾದಳು. ಅವಳ ಕೈ ಸೋಲತೊಡಗಿತು. ನಿನ್ನೆ ಸರಿಯಾಗಿ ನಿದ್ದೆಯಿಲ್ಲ, ಮಗನ ಮುಖ ಕಣ್ಣಿಂದ ಹೋಗುತ್ತಿರಲಿಲ್ಲ, ಮೊಣಕಾಲಂತೂ ಕೇಳುವುದೇ ಬೇಡ.

ಕೈಗಳು ಇಳಿದವು, ಮೆಲ್ಲ, ಒಂದಾದ ಮೇಲೆ ಒಂದು. ಲೋಲಾಕ್ಷಿ ಬೆನ್ನಿಗೆ ನೀರು ಹೊಯ್ದಳು.

"ತಣ್ಣಗಾಗಿದೆ ಮಾಮಿ," ಎಂದಳು ರಮಿತಾ. "ಇನ್ನೊಂದು ಸ್ವಲ್ಪ ಬಿಸಿ ಬೇಕು."

ಈ ಮನೆಗೆ ಬಂದು ಇಷ್ಟು ದಿನದಲ್ಲಿ ಅವಳು ಬೇಕು ಎಂದದ್ದು ಇದೇ ಮೊದಲು.

"ಓಹೋ, ಆರ್ಡರು ಬೇರೆ ಶುರುವಾಯಿತು," ಎಂದು ಲೋಲಾಕ್ಷಿ ಗೊಣಗಿದಳು. "ನಾನೇನು ನಿನ್ನ ಬಾಣಂತನ ಮಾಡ್ತಾ ಇಡೀ ಜನ್ಮ ಇಲ್ಲೇ ಕೂರ್ಬೇಕಾ?" ಎನ್ನುತ್ತಲೇ ಗೋಡೆ ಹಿಡಿದು ಎದ್ದು, ಬಿಸಿನೀರು ತರಲು ಹೋದಳು.